ನಡೆದೇ ತೀರಿಸಬೇಕಾದ ಹರಕೆ

ಬರಗೇರಮ್ಮನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಸುತ್ತಮುತ್ತ ಕುರಿ ಕಾಯುವವರಿಗೆಲ್ಲ ಇದು ಗೊತ್ತಿದ್ದ ಸಂಗತಿ. ಒಮ್ಮೆ ಅವಳ ಮಂದೆಯಿಂದ ಮರಿಯೊಂದನ್ನು ಎತ್ತಿ ಬೈಕಿಗೆ ಹಾಕಿಕೊಂಡು ಹೊರಟಿದ್ದ ಕಳ್ಳನ ಬೆನ್ನಿಗೆ ಅವಳು ಬೀಸಿದ ಕೋಲು ಬಡಿದು, ಅವನು ಬೈಕಿನ ಸಮೇತ ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡಿದ್ದ. ಬಿದ್ದವನನ್ನು ಅಷ್ಟಕ್ಕೇ ಬಿಟ್ಟಳೇ? ಚರಂಡಿಗಿಳಿದು ಇನ್ನೂ ನಾಲ್ಕು ಬಾರಿಸಿದಳು. ಆಮೇಲೆ ಅವನ ಮುಂಗೈಗೆ ಬಿದಿರ ದಬ್ಬೆ ಕಟ್ಟಿ, ನೀರು ಕುಡಿಸಿ ಕಳಿಸಿದವಳೂ ಅವಳೇ. ಗಂಡ ಗಂಗಾಧರಪ್ಪ ಮದುವೆಯಾದ ಹೊಸದರಲ್ಲಿ ಕುಡಿದು ಬಂದು ಹೊಡೆಯುತ್ತಿದ್ದ. ಕೆಲವು ವರ್ಷ ತಿಂದಳು. ಒಂದು ಸಂಜೆ ಕುರಿರೊಪ್ಪದ ಗೂಟ ಕಿತ್ತು ಅವನ ಮೊಳಕಾಲಿಗೆ ಕೊಟ್ಟಳು. ಅಲ್ಲಿಂದಾಚೆ ಆತ ಸಾಯುವವರೆಗೂ ಕುಡಿದ, ಆದರೆ ಕೈ ಎತ್ತಲಿಲ್ಲ.

ಇಂಥವಳ ಚಪ್ಪೆ, ಅಂದರೆ ಸೊಂಟದ ಕೀಲು, ಮುರಿದದ್ದು ಕಳ್ಳನಿಂದಲ್ಲ, ಗಂಡನಿಂದಲೂ ಅಲ್ಲ. ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಟಗರಿನಿಂದ.

ಆ ಟಗರಿನ ಹೆಸರು ಕೆಂಚ. ಅದು ಹುಟ್ಟಿದ ದಿನವೇ ರಕ್ತ ಹರಿದಿತ್ತು. ಊರಾಚೆಯ ಹಳ್ಳದ ಸೇತುವೆಯ ಕೆಳಗೆ ಯಾರೋ ಕೋಳಿಯ ಪುಕ್ಕ, ಕರುಳು, ಕಾಲುಗಳನ್ನು ತಂದು ಸುರಿಯಲು ಶುರುಮಾಡಿದ ಮೇಲೆ ಅಲ್ಲಿ ಬೀದಿನಾಯಿಗಳ ಹಿಂಡೇ ಬೆಳೆದಿತ್ತು. ಹಸಿ ಮಾಂಸದ ರುಚಿ ಹತ್ತಿದ ನಾಯಿ ತೋಳಕ್ಕಿಂತ ಕಡೆ. ತೋಳಕ್ಕೆ ಮನುಷ್ಯರ ಭಯವಾದರೂ ಇರುತ್ತದೆ. ಹಳ್ಳದ ದಂಡೆಯಲ್ಲಿ ಆಗತಾನೇ ಈದು ಮರಿಯ ಮೈ ನೆಕ್ಕುತ್ತಿದ್ದ ಕುರಿಯನ್ನು ಆ ನಾಯಿಗಳು ಹಿಡಿದವು. ಬರಗೇರಮ್ಮ ಓಡಿ ಬರುವಷ್ಟರಲ್ಲಿ ಕುರಿಯ ಕೆಚ್ಚಲು ಕಿತ್ತುಹೋಗಿತ್ತು. ಆದರೂ ಅದು ಮರಿಯ ಕಡೆಗೆ ಕತ್ತು ಚಾಚುತ್ತಲೇ ಇತ್ತು. ಅವಳು ಒಂದು ನಾಯಿಯ ಹಿಂಗಾಲು ಹಿಡಿದೆಳೆದು, ಕೈಗೆ ಸಿಕ್ಕ ಕಲ್ಲಿನಿಂದ ಅದರ ತಲೆ ಜಜ್ಜಿದಳು. ಸತ್ತ ಮೇಲೂ ಜಜ್ಜಿದಳು. ಆಮೇಲೆ ಆ ರಕ್ತದ ಕೈಯಲ್ಲೇ ಒದ್ದೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಕುರಿಯವರಲ್ಲಿ ಒಂದು ಮಾತಿದೆ: ಟಗರುಮರಿಯ ಬೆನ್ನು ಸವರು, ಹಣೆ ಮುಟ್ಟಬೇಡ. ಹಣೆ ಮುಟ್ಟಿ ಆಡಿಸಿದರೆ ಮರಿಗೆ ಗುದ್ದುವುದೇ ಆಟವಾಗುತ್ತದೆ. ಕೊಂಬು ಬಲಿತ ಮೇಲೂ ಅದಕ್ಕೆ ಆಟ ಯಾವುದು, ಜಗಳ ಯಾವುದು ಎಂಬ ಭೇದವಿರುವುದಿಲ್ಲ. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದ ಬರಗೇರಮ್ಮನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ತಬ್ಬಲಿ ಮರಿ, ಹಗಲೆಲ್ಲ ಅವಳ ಕಾಲಿಗೆ ಸುತ್ತಿಕೊಂಡೇ ಇರುತ್ತಿತ್ತು. ಅವಳು ಬಗ್ಗಿ, ತೊಡೆ ತಟ್ಟಿ, ಅಂಗೈ ಚಾಚಿ, “ಹೈ ಕೆಂಚಾ!” ಅನ್ನುವಳು. ಮರಿ ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಅಂಗೈಗೆ ಗುದ್ದುವುದು. ಯಾರ ಮುಂದೆಯೂ ನಗದ ಮುದುಕಿ ಆಗ ಮಾತ್ರ ಬಾಯಿ ತುಂಬ ನಗುವಳು. ಅವಳನ್ನು ನಗಿಸುವ ಪ್ರಾಣಿ ಈ ಭೂಮಿಯ ಮೇಲೆ ಅದೊಂದೇ ಇತ್ತು.

ಮಗ ಬೀರೇಶನ ಕಣ್ಣಿಗೆ ಆ ಆಟ ಬೇರೆಯೇ ಆಗಿ ಕಂಡಿತು. ಕೆಂಚನಿಗೆ ಕೊಂಬು ತಿರುಗುತ್ತಿದ್ದಂತೆ ಹುರುಳಿ ಬೇಯಿಸಿ ಹಾಕಿ, ಕೆರೆಯಲ್ಲಿ ಈಜಿಸಿ, ಹಿರಿಯೂರಿನ ಕಡೆಯ ಟಗರು ಕಾಳಗಕ್ಕೆ ಕರೆದೊಯ್ದ. ಅಲ್ಲಿ ಎದುರಾಳಿ ಟಗರು ಮೂರನೆಯ ಗುದ್ದಿಗೇ ಮೂಗಿನಿಂದ ರಕ್ತ ಸುರಿಸುತ್ತಾ ಮಂಡಿಯೂರಿತು. ನಾಲ್ಕನೆಯದಕ್ಕೆ ಅದರ ತಲೆಬುರುಡೆ ಬಿರಿದ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು. ಜನ ಶಿಳ್ಳೆ ಹೊಡೆದರು. ಬೀರೇಶ ಕೆಂಚನನ್ನು ಹೆಗಲಿಗೇರಿಸಿಕೊಳ್ಳಲು ನೋಡಿ ಭಾರಕ್ಕೆ ತಾನೇ ಬಿದ್ದ.

ಆ ಮಳೆಗಾಲದ ಒಂದು ಬೆಳಿಗ್ಗೆ ಬರಗೇರಮ್ಮ ರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ರೊಪ್ಪವೆಂದರೆ ಎದೆಮಟ್ಟದ ಕಲ್ಲುಗೋಡೆ, ಅದರ ಮೇಲೆ ಜಾಲಿಮುಳ್ಳು, ಒಳಗೆ ಕುರಿ. ಕೆಂಚನ ಹಗ್ಗ ಬಿಚ್ಚಿಕೊಂಡಿದ್ದನ್ನು ಅವಳು ನೋಡಲಿಲ್ಲ. ಬುಟ್ಟಿ ತುಂಬಲು ಬಗ್ಗಿದಳು. ಕೆಂಚನಿಗೆ ಕಂಡದ್ದು ಚಿಕ್ಕಂದಿನಿಂದ ಕಂಡದ್ದೇ: ಅವ್ವ ಬಗ್ಗಿದ್ದಾಳೆ, ಆಟಕ್ಕೆ ಕರೆಯುತ್ತಿದ್ದಾಳೆ. ಅದು ಹಿಂದೆ ಸರಿದು, ಮೈಯ ಬಲವನ್ನೆಲ್ಲ ಹಣೆಗೆ ತಂದು ಓಡಿ ಬಂತು. ಬಲ ಚಪ್ಪೆಗೆ ಗುದ್ದು ಬಿದ್ದು ಬರಗೇರಮ್ಮ ಗೋಡೆಗೆ ಅಪ್ಪಳಿಸಿದಳು. ಒಣಗಿದ ಜಾಲಿಕೊಂಬೆ ಮುರಿದ ಹಾಗೆ ಒಳಗೆ ಏನೋ ಮುರಿದದ್ದು ಅವಳಿಗೇ ಕೇಳಿಸಿತು. ಏಳಲು ನೋಡಿದಳು, ಬಲಗಾಲು ಅವಳ ಮಾತು ಕೇಳಲಿಲ್ಲ. ಕೆಂಚ ಪಕ್ಕದಲ್ಲಿ ನಿಂತು, ಅವಳು ಇನ್ನೊಮ್ಮೆ ತೊಡೆ ತಟ್ಟುವುದನ್ನೇ ಕಾಯುತ್ತಿತ್ತು. ಸಾಕಿದ ಗಿಣಿ ಹದ್ದಾಗಿ ಕುಕ್ಕುವುದು ಅಂದರೆ ಇದೇ.

ಬಾಡಿಗೆ ಜೀಪಿನಲ್ಲಿ ಚಿತ್ರದುರ್ಗಕ್ಕೆ ಒಯ್ಯುವಾಗ ಪ್ರತಿ ಗುಂಡಿಗೂ ಅವಳು ಚೀರಿದಳು. ಊರು ದಾಟುವ ಮೊದಲು, ರೊಪ್ಪದಾಚೆಯ ಬೇವಿನ ಮರದ ಹತ್ತಿರ ಜೀಪು ನಿಲ್ಲಿಸಲು ಹೇಳಿದಳು. ಮರದ ಬುಡದಲ್ಲಿ ಅರಿಶಿನ ಬಳಿದ ಒಂದು ಕಲ್ಲು. ಅದೇ ಅವರ ಮಾರಮ್ಮ.

“ತಾಯಿ, ಕೇಳಿಸ್ಕ. ನನ್ನ ಕಾಲ ಮ್ಯಾಲೆ ನಾನೇ ನಡಕಂಡು ನಿನ್ನ ಮುಂದೆ ಬರ್ತೀನಿ. ಯಾರ ಕೈನೂ ಹಿಡಿಯಲ್ಲ. ಬಂದ ದಿನ ಆ ಕೆಂಚನ ತಲೆ ನನ್ನ ಕೈಯಾರೆ ಉರುಳಿಸ್ತೀನಿ. ಲೇ ಸುಮಾ, ಹೋಗಿ ಅದರ ಕೊರಳಿಗೆ ಅರಿಶಿನದ ಬಟ್ಟೆ ಕಟ್ಟು. ಈಗ್ಲೇ ಕಟ್ಟು!”

ಸೊಸೆ ಸುಮಾ ಅಳುತ್ತಾ ಹೋಗಿ ಕಟ್ಟಿದಳು. ಹರಕೆಯ ಬಟ್ಟೆ ಕಟ್ಟಿದ ಪ್ರಾಣಿಯನ್ನು ಮಾರುವಂತಿಲ್ಲ, ಕಾಳಗಕ್ಕೆ ಬಿಡುವಂತಿಲ್ಲ, ಹರಕೆ ಹೊತ್ತವರಲ್ಲದೆ ಬೇರೆಯವರು ಕೊಯ್ಯುವಂತೆಯೂ ಇಲ್ಲ. ಕೊಯ್ಯುವ ಮೊದಲು ಅದರ ಮೈಮೇಲೆ ನೀರು ಹಾಕಬೇಕು. ಅದು ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ, ಒದರದಿದ್ದರೆ ಕಾಯಬೇಕು. ಹೀಗೆ ಆ ದಿನದಿಂದ ಕೆಂಚನ ಆಯಸ್ಸು ಬರಗೇರಮ್ಮನ ಕಾಲಿಗೆ ಗಂಟುಬಿತ್ತು. ಅವಳು ನಡೆಯುವವರೆಗೆ ಅದು ಬದುಕುತ್ತದೆ, ನಡೆದ ದಿನ ಸಾಯುತ್ತದೆ.

ಆಸ್ಪತ್ರೆಯಲ್ಲಿ ಮುರಿದ ಕೀಲು ತೆಗೆದು ಲೋಹದ ಕೀಲು ಕೂರಿಸಿದರು. ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸಲು ಬಂದ ನರ್ಸಿನ ಕೆನ್ನೆಗೆ ಬರಗೇರಮ್ಮ ಬಾರಿಸಿದಳು. ಆಕೆ ಕೆನ್ನೆ ಉಜ್ಜಿಕೊಂಡು, “ಕೈಯಾಗೆ ಇಷ್ಟು ಶಕ್ತಿ ಐತಲ್ಲ, ವಾಕರ್ ಹಿಡಕಳ್ರಿ ಮತ್ತೆ,” ಅಂದು ನಿಲ್ಲಿಸಿಯೇ ಬಿಟ್ಟಳು. ಬರಗೇರಮ್ಮನಿಗೆ ಅಂದು ಕಣ್ಣು ಕತ್ತಲೆ ಬಂತು. ಆದರೆ ಕತ್ತಲೆಯಲ್ಲೂ ಕೆಂಚನ ಕತ್ತು ಕಾಣುತ್ತಿತ್ತು. ಆ ಕತ್ತಿನ ಆಸೆಗೆ ಅವಳು ನಿಂತಳು.

ಮನೆಗೆ ಬಂದ ಮೇಲೆ ನಡಿಗೆ ಕಲಿಸಲು ಹೊಸದುರ್ಗದಿಂದ ಯಮುನಾ ಬರುತ್ತಿದ್ದಳು. ಫಿಸಿಯೋಥೆರಪಿ ಓದಿದ ಹೊಳಲ್ಕೆರೆ ಕಡೆಯ ಹುಡುಗಿ, ಅವಳ ಅಪ್ಪನೂ ಕುರಿ ಕಾಯ್ದವನೇ. ಬಂದ ಮೊದಲ ದಿನವೇ ಅವಳು ಅಪ್ಪಣೆಗಳ ಪಟ್ಟಿ ಓದಿದಳು. ನೆಲದ ಮೇಲೆ ಕೂರಬಾರದು. ಕುಕ್ಕರುಗಾಲಲ್ಲಿ ಕೂರಲೇಬಾರದು. ಕಾಲ ಮೇಲೆ ಕಾಲು ಹಾಕಬಾರದು. ಮಲಗುವಾಗ ಕಾಲುಗಳ ನಡುವೆ ದಿಂಬಿರಬೇಕು. ಎತ್ತರದ ಕುರ್ಚಿಯಲ್ಲೇ ಕೂರಬೇಕು. ಎಲ್ಲಕ್ಕಿಂತ ಮುಖ್ಯ, ಸೊಂಟ ಬಗ್ಗಿಸಬಾರದು.

“ಏನ್ ಬಿದ್ರೂ ಎತ್ತಿಕಳಾಕೆ ಬಗ್ಗಬ್ಯಾಡ್ರಿ ಅಮ್ಮಾ. ಬಗ್ಗಿದ್ರೆ ಕೀಲು ಜಾರ್ತೈತೆ. ಜಾರಿದ್ರೆ ಮತ್ತೆ ಆಸ್ಪತ್ರೆನೇ.”

“ಅಲ್ಲ ಕಣೇ ತಾಯಿ, ಬಗ್ಗಿದ್ದಕ್ಕೇ ಮುರೀತು. ಈಗ ಬಗ್ಗಬ್ಯಾಡ ಅಂತೀಯ. ಮುರಿಯಾಕ್ ಮೊದ್ಲೇ ಬಂದು ಹೇಳಬಾರದಿತ್ತಾ?”

ಕಂಬಳಿ ಹಾಸಿ ನೆಲದ ಮೇಲೆ ಕೂತೇ ಅರವತ್ತು ದಾಟಿದವಳಿಗೆ ಕುರ್ಚಿ ಶಿಕ್ಷೆಯಾಯಿತು. ನೀರಿಗೆ, ಕೊನೆಗೆ ಬಚ್ಚಲಿಗೂ ಸೊಸೆಯನ್ನೇ ಕೂಗಬೇಕು. ಹೊಡೆಯಲು ಎದುರಿಗೆ ಶತ್ರುವೇ ಇರಲಿಲ್ಲ. ಕೀಲಿಗೆ ಹೊಡೆಯಲು ಬರುತ್ತದೆಯೇ? ಒಂದು ಮಧ್ಯಾಹ್ನ ಅವಳು ಸಿಟ್ಟಿನಲ್ಲಿ ತನ್ನ ತೊಡೆಗೆ ತಾನೇ ಗುದ್ದಿಕೊಂಡಳು. ಸುಮಾ ಬಿಡಿಸಲು ಬಂದಳು. ಬರಗೇರಮ್ಮ ಎದುರಿಗಿದ್ದ ವಾಕರ್ ಎತ್ತಿ ಅವಳತ್ತ ಎಸೆದಳು. ಅದರ ಕಾಲು ಸುಮಾಳ ಹುಬ್ಬಿಗೆ ತಾಗಿ ರಕ್ತ ಇಳಿಯಿತು. ಸುಮಾ ಸೆರಗಿನಿಂದ ಹುಬ್ಬು ಒತ್ತಿಕೊಂಡು, ಬಿದ್ದ ವಾಕರನ್ನು ಅಂಗಳದ ಆ ತುದಿಗೆ ಒಯ್ದು ನಿಲ್ಲಿಸಿದಳು.

“ಎಸೆದೋರೇ ಬಂದು ತಗಳ್ರಿ ಅತ್ತೆ. ನಿಮ್ಮ ಮಗನೂ ತರಲ್ಲ, ನಾನೂ ತರಲ್ಲ.”

ಸಂಜೆಯವರೆಗೂ ಬರಗೇರಮ್ಮ ಕುರ್ಚಿಯಲ್ಲೇ ಕೂತಳು. ಬಟ್ಟೆ ಒದ್ದೆಯಾಯಿತು. ಬಾಯಿಗೆ ಬಂದಂತೆ ಬೈದಳು. ಕತ್ತಲಾಗುವ ಮೊದಲು ಸುಮಾ ತಾನೇ ವಾಕರ್ ತಂದು ಮುಂದಿಟ್ಟು, ಅವಳ ಬಟ್ಟೆ ಬದಲಿಸಿದಳು. ಸೊಸೆಯ ಊದಿದ ಹುಬ್ಬನ್ನು ಹತ್ತಿರದಿಂದ ನೋಡಿ ಬರಗೇರಮ್ಮನಿಗೆ ನಾಚಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. “ಅರಿಶಿನ ಹಚ್ಕ,” ಅಂದಳು ಅಷ್ಟೇ.

ಆದರೆ ಮುದುಕಿಯ ಆತುರ ಎಲ್ಲಿ ಹೋಗುತ್ತದೆ? ಕುರಿಯ ಕಾಲು ಮುರಿದರೆ ಅವಳು ದಬ್ಬೆ ಕಟ್ಟಿ ಮಂದೆಯ ಜೊತೆಗೇ ಅಟ್ಟುತ್ತಿದ್ದಳು. ಮಲಗಲು ಬಿಟ್ಟ ಕುರಿ ಮತ್ತೆ ಏಳುವುದಿಲ್ಲ, ಕುಂಟಾಗಿ ಉಳಿದದ್ದು ಕಸಾಯಿಯವನ ಪಾಲು. ಆ ಲೆಕ್ಕವನ್ನೇ ತನ್ನ ಮೈಗೂ ಹಿಡಿದಳು. ಅಂಗಳದಲ್ಲಷ್ಟೇ ಓಡಾಡಬೇಕು, ಕೂತು ಸುಧಾರಿಸಿಕೊಂಡು ಮತ್ತೆ ಓಡಾಡಬೇಕು ಎಂದು ಯಮುನಾ ಹೇಳಿದ್ದಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬರಗೇರಮ್ಮ ವಾಕರ್ ಊರುತ್ತಾ ಅಂಗಳ ದಾಟಿದಳು, ನೀರಿನ ತೊಟ್ಟಿ ದಾಟಿದಳು, ಉರಿಬಿಸಿಲಿನಲ್ಲಿ ಬೇವಿನ ಮರದ ಕಡೆಗೆ ಹೊರಟಳು. ಹುಲ್ಲಿನ ಬಣವೆಯ ಹತ್ತಿರ ತೊಡೆಯೊಳಗೆ ಕಾದ ಸಲಾಕೆ ತಿರುವಿದಂತಾಯಿತು. ಬಣವೆಗೆ ಒರಗಿ ನಿಂತು ಕಿರುಚಿದಳು. ಗದ್ದಲಕ್ಕೆ, ಹರಕೆಯಾದಂದಿನಿಂದ ಬೇವಿನಡಿಯೇ ಕಟ್ಟುತ್ತಿದ್ದ ಕೆಂಚ “ಬ್ಯಾ” ಅಂತು. ಬೀರೇಶ ಓಡಿ ಬಂದು ಹೊತ್ತೊಯ್ಯುವಾಗ ಅವಳು ನೋವಿಗಿಂತ ಹೆಚ್ಚಾಗಿ ಅವಮಾನಕ್ಕೆ ಅತ್ತಳು.

ಕಾಲು ಊದಿ ಕೊಡವಾಯಿತು. ಚಿತ್ರದುರ್ಗಕ್ಕೆ ಒಯ್ದು ಪರೀಕ್ಷೆ ಮಾಡಿಸಿದರು. ಕೀಲು ಜಾರಿರಲಿಲ್ಲ, ಪುಣ್ಯ. ಆದರೆ ಗಳಿಸಿದ್ದೆಲ್ಲ ಹೋಗಿ ಮತ್ತೆ ಹಾಸಿಗೆಯಿಂದ ಶುರು. ಸುದ್ದಿ ಕೇಳಿ ಬಂದ ಯಮುನಾಳ ಮುಖ ಕೆಂಪಾಗಿತ್ತು.

“ನೀವು ಈದ ಕುರಿನ ಮಂದೆ ಜೊತೆ ಓಡಿಸ್ತೀರಾ?”

“ಯಾವ ಬೇಕೂಫ ಓಡಿಸ್ತಾನೆ? ಸಾಯ್ತೈತೆ.”

“ಮತ್ತೆ ಹೆಂಗೆ ಹೊಡಕಂಡು ಹೋಗ್ತೀರಿ?”

“ಅದು ಹೆಂಗೆ ನಡೀತೈತೋ ಮಂದೆನೂ ಹಂಗೇ ನಡೀಬೇಕು. ಅದು ನಿಂತ್ರೆ ನಿಲ್ಲಬೇಕು.”

“ನಿಮ್ಮ ಕಾಲು ಮುರಿದ ಕುರಿ ಅಲ್ಲಮ್ಮಾ, ಈದ ಕುರಿ. ಹೊಸ ಕೀಲಿನ ಸುತ್ತ ಇರೋ ಮಾಂಸ ಇನ್ನೂ ಹಸಿ. ಅದು ನಿಂತ್ರೆ ನೀವು ನಿಲ್ಲಬೇಕು. ಇನ್ನೊಂದ್ ಸಲ ಹಿಂಗ್ ಮಾಡಿದ್ರೆ ನಾನೇ ಬಂದು ಮಂಚಕ್ಕೆ ಕಟ್ತೀನಿ, ನೋಡ್ರಿ.”

ಬೈದರೆ ಬಗ್ಗುವವಳಲ್ಲ ಬರಗೇರಮ್ಮ. ಆದರೆ ಈ ಮಾತು ತಲೆಗೆ ಹೋಯಿತು. ಮರುದಿನದಿಂದ ಅವಳು ತನ್ನ ಕಾಲನ್ನು ಈದ ಕುರಿಯ ಹಾಗೆ ಕಾಯತೊಡಗಿದಳು. ತಂಪು ಹೊತ್ತಿನಲ್ಲಿ ಸ್ವಲ್ಪ, ಸಂಜೆ ಇನ್ನು ಸ್ವಲ್ಪ. ಊತ ಬಂದ ದಿನ ನಡಿಗೆ ಕಡಿಮೆ ಮಾಡಿ, ಕಾಲು ಎತ್ತರಕ್ಕಿಟ್ಟು ಮಲಗುವಳು. ಕಾಲು ಬೇಡ ಅಂದಲ್ಲಿ ನಿಲ್ಲುವಳು, ಬೈಯುತ್ತಲೇ ನಿಲ್ಲುವಳು. ಅಂಗಳ ದಾಟಿದ ಎಷ್ಟೋ ದಿನಗಳ ಮೇಲೆ ತೊಟ್ಟಿ. ತೊಟ್ಟಿಯ ಪಕ್ಕದಲ್ಲಿ ಸೊಂಟದೆತ್ತರದ ಕಲ್ಲುಕಟ್ಟೆ ಇತ್ತು. ಅದಕ್ಕೆ ಒರಗಿ ಸುಧಾರಿಸಿಕೊಂಡು ವಾಪಸ್ಸು. ಆಮೇಲೆ ಬಣವೆ. ವಾಕರ್ ಹೋಗಿ ಕೋಲು ಬಂತು. ಮುರಿದದ್ದು ಬಲಗಾಲಾದ್ದರಿಂದ ಕೋಲು ಎಡಗೈಯಲ್ಲಿ ಹಿಡಿಯಬೇಕೆಂದು ಯಮುನಾ ಕಲಿಸಿದಳು. ಮೊದಲು ಕೋಲು, ಜೊತೆಗೇ ಬಲಗಾಲು, ಆಮೇಲೆ ಎಡಗಾಲು.

“ಬಲಗೈ ಖಾಲಿ ಉಳೀತಲ್ಲ,” ಅಂದಳು ಬರಗೇರಮ್ಮ, ಖುಷಿಯಿಂದ. ಯಮುನಾಳಿಗೆ ಆ ಖುಷಿ ಅರ್ಥವಾಗಲಿಲ್ಲ. ಸುಮಾಳಿಗೆ ಅರ್ಥವಾಯಿತು. ಅವಳು ಅಂದೇ ಮಚ್ಚನ್ನು ರಾಗಿಯ ವಾಡೆಯೊಳಗೆ ಬಚ್ಚಿಟ್ಟಳು. ಮೂರೇ ದಿನಕ್ಕೆ ಮುದುಕಿ ಅದನ್ನು ಹುಡುಕಿ ತೆಗೆದು, ಎತ್ತರದ ಕುರ್ಚಿಯಲ್ಲಿ ಕೂತು ಸಾಣೆಕಲ್ಲಿಗೆ ಹಿಡಿದಳು.

“ಅವ್ವಾ, ಅದಕ್ಕೇನು ಗೊತ್ತಾಗ್ತೈತೆ? ಆಟ ಕಲಿಸಿದ್ದು ನೀನೇ ಅಲ್ಲೇನು?” ಅಂದ ಬೀರೇಶ.

ಸಾಣೆಕಲ್ಲು ನಿಂತಿತು. ಆ ಮಾತು ಅವಳಿಗೆ ಗುದ್ದಿಗಿಂತ ಜೋರಾಗಿ ತಾಗಿತು, ಯಾಕೆಂದರೆ ಅದು ನಿಜ. ಹಾಸಿಗೆಯಲ್ಲಿ ಬಿದ್ದ ದಿನಗಳಲ್ಲಿ ಅವಳೇ ಅದನ್ನು ಎಷ್ಟೋ ಸಲ ತನಗೆ ತಾನೇ ಅಂದುಕೊಂಡಿದ್ದಳು. ತಪ್ಪು ತನ್ನದೆಂದು ಗೊತ್ತಾದ ಮೇಲೆ ಸಿಟ್ಟು ಕಡಿಮೆಯಾಗುತ್ತದೆ ಎನ್ನುವವರು ಮನುಷ್ಯರನ್ನು ಕಂಡವರಲ್ಲ. ಬರಗೇರಮ್ಮನ ಸಿಟ್ಟು ಹೆಚ್ಚಾಯಿತು. “ಹರಕೆ ಹರಕೆನೇ,” ಅಂದು ಮತ್ತೆ ಸಾಣೆ ಹಿಡಿದಳು. ಬಣವೆಯ ಹತ್ತಿರ ಅವಳು ಬಂದು ನಿಂತಾಗಲೆಲ್ಲ ಬೇವಿನಡಿಯಿಂದ ಕೆಂಚ ಹಗ್ಗ ಎಳೆದು ಅವಳ ಕಡೆ ಕೂಗುತ್ತಿತ್ತು. ಅವಳು ಅದಕ್ಕೆ ಉಗಿದು ಹಿಂದಿರುಗುತ್ತಿದ್ದಳು. ಒಂದು ದಿನ ಉಗಿಯಲು ಮರೆತು ಹಿಂದಿರುಗಿದಳು. ಅದಕ್ಕೂ ತನ್ನನ್ನೇ ಬೈದುಕೊಂಡಳು.

ಚಳಿ ಕಳೆದು ಬಿಸಿಲು ಏರತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ ಕಾಲು ಹಗುರವಾಗಿತ್ತು. ಬೀರೇಶ ಮಂದೆ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದ. ಮೇಯಲು ಬಾರದ ಎಳೆ ಮರಿಗಳು ಮಾತ್ರ ರೊಪ್ಪದಲ್ಲಿದ್ದವು. ಸುಮಾ ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬರಗೇರಮ್ಮ ಎಡಗೈಗೆ ಕೋಲು, ಬಲಗೈಗೆ ಮಚ್ಚು ತೆಗೆದುಕೊಂಡು ಹೊರಟಳು. ತೊಟ್ಟಿಯ ಹತ್ತಿರ ನಿಂತಳು. ಬಣವೆಯ ಹತ್ತಿರ ನಿಂತಳು. ಕಾಲು ಒಪ್ಪಿದ ಮೇಲೆಯೇ ಮುಂದೆ ನಡೆದಳು. ಕೊನೆಗೆ ಬೇವಿನ ನೆರಳು ಅವಳ ಪಾದಕ್ಕೆ ತಾಗಿತು. ಯಾರ ಕೈಯನ್ನೂ ಹಿಡಿಯದೆ ಬಂದಿದ್ದಳು. ಮಾರಮ್ಮನ ಕಲ್ಲಿನ ಮುಂದೆ ನಿಂತು ಕೈಮುಗಿಯಲು ನೋಡಿದರೆ ಎರಡೂ ಕೈ ತುಂಬಿದ್ದವು.

ಕೆಂಚ ಹಗ್ಗ ಬಿಗಿಯುವಷ್ಟು ಮುಂದೆ ಬಂದು ಅವಳ ಮುಖ ನೋಡಿತು. ಬಾಲ ಅಲ್ಲಾಡಿಸಿತು. ಕೊರಳಿನ ಅರಿಶಿನದ ಬಟ್ಟೆ ಬಣ್ಣಗೆಟ್ಟಿತ್ತು. ಇಷ್ಟು ದಿನ ಯಾವುದನ್ನು ನೆನೆದು ಹಲ್ಲು ಕಚ್ಚಿ ನಡೆದಳೋ ಆ ಕತ್ತು ಕೈಯಳತೆಯಲ್ಲಿತ್ತು. ಮಚ್ಚು ಏಳಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೊಡೆಯಬೇಕೆಂದಾಗ ಏಳದ ಕೈ ಅವಳ ಜನ್ಮದಲ್ಲಿ ಇದೇ ಮೊದಲು.

ಆಗ ರೊಪ್ಪದಲ್ಲಿ ಮರಿಗಳು ಒಟ್ಟಿಗೆ ಕಿರುಚಿದವು.

ಸೇತುವೆ ಕೆಳಗಿನ ನಾಯಿಗಳು. ಗೋಡೆ ಕುಸಿದ ಕಡೆಯಿಂದ ಒಂದೊಂದೇ ಒಳಗೆ ಹಾರುತ್ತಿದ್ದವು. ಮುಂದಿನದು ಒಂದು ಮರಿಯನ್ನು ಕತ್ತು ಹಿಡಿದು ಝಾಡಿಸಿ ಎಸೆದಾಗಿತ್ತು. “ಲೇ ಸುಮಾ! ನಾಯಿ! ನಾಯಿ ಬಿದ್ದಾವೆ ಕಣೇ!” ಎಂದು ಬರಗೇರಮ್ಮ ಕೂಗಿದಳು. ಕೂಗಿಗೆ ನಾಯಿಗಳು ತಲೆ ಎತ್ತಿ ನೋಡಿ, ಕೋಲೂರಿ ನಿಂತ ಮುದುಕಿಯನ್ನು ಕಂಡು ಮತ್ತೆ ತಲೆ ತಗ್ಗಿಸಿದವು. ಓಡಲು ಅವಳ ಮೈಯೆಲ್ಲ ಎದ್ದಿತು. ಓಡಿದರೆ ಬೀಳುತ್ತಾಳೆ, ಬಿದ್ದರೆ ಅಲ್ಲಿಗೆ ಮುಗಿಯಿತು. ಕೆಂಚನ ಹಗ್ಗದ ಗಂಟು ನೆಲದ ಗೂಟದಲ್ಲಿತ್ತು. ಬಗ್ಗಿದರೆ ಕೀಲು ಜಾರುತ್ತದೆ. ಕೀಲು ಜಾರುವ ಮೊದಲೇ ಕೆಂಚ ಗುದ್ದುತ್ತದೆ.

ಅವಳು ಬಗ್ಗಲಿಲ್ಲ. ನೆಟ್ಟಗೆ ನಿಂತು, ಕೆಂಚನ ಕತ್ತಿನ ಪಕ್ಕದಲ್ಲಿ ಬಿಗಿದು ನಿಂತಿದ್ದ ಹಗ್ಗಕ್ಕೆ ಮಚ್ಚು ಬೀಸಿದಳು. ಹಗ್ಗ ತುಂಡಾಯಿತು. ಮಚ್ಚು ಹಿಡಿದ ಕೈಯಿಂದಲೇ ತೊಡೆ ತಟ್ಟಿ, “ಹೈ ಕೆಂಚಾ!” ಎಂದು ರೊಪ್ಪದ ಕಡೆ ಕೈ ಚಾಚಿದಳು.

ಕೆಂಚ ತಿರುಗಿ ನೋಡಿತು. ರೊಪ್ಪದಲ್ಲಿ ನಾಯಿಗಳು ಮರಿಗಳ ಮೇಲೆ ಬಗ್ಗಿದ್ದವು. ಬಗ್ಗಿದ್ದನ್ನು ಗುದ್ದುವುದು ಬಿಟ್ಟು ಅದಕ್ಕೆ ಬೇರೆ ವಿದ್ಯೆ ಯಾರು ಕಲಿಸಿದ್ದರು? ಕುಸಿದ ಗೋಡೆಯ ಮೇಲಿಂದ ಹಾರಿ ಮೊದಲ ನಾಯಿಯನ್ನು ಕಲ್ಲಿಗೆ ಸೇರಿಸಿ ಗುದ್ದಿತು. ಪಕ್ಕೆಲುಬು ಪುಡಿಯಾದ ಆ ನಾಯಿ ಬಾಯಲ್ಲಿ ರಕ್ತ ಕಾರಿ ಅಲ್ಲೇ ಉರುಳಿತು. ಎರಡನೆಯದರ ಮುಂಗಾಲು ಮುರಿಯಿತು. ಆಗ ಉಳಿದವು ಮರಿಗಳನ್ನು ಬಿಟ್ಟು ಕೆಂಚನನ್ನು ಸುತ್ತುವರಿದವು. ಎದುರಿಗೆ ಬಂದದ್ದಕ್ಕೆ ಹಣೆ ಕೊಡುವಷ್ಟರಲ್ಲಿ ಹಿಂದಿನಿಂದ ಎರಡು ಅದರ ತೊಡೆ ಕಚ್ಚಿ ನೇತಾಡಿದವು.

ಬೇವಿನ ಮರದಿಂದ ರೊಪ್ಪಕ್ಕೆ ದಾರಿ ದೂರವೇನಲ್ಲ. ಬರಗೇರಮ್ಮನಿಗೆ ಅದು ಮುಗಿಯದ ದಾರಿಯಾಯಿತು. ಕೋಲು, ಬಲಗಾಲು. ಎಡಗಾಲು. ಕಣ್ಣೆದುರಿಗೆ ಕೆಂಚನ ತೊಡೆಯ ಮಾಂಸ ಹರಿಯುತ್ತಿತ್ತು. ಕೋಲು, ಬಲಗಾಲು. ಎಡಗಾಲು. ಅವಳ ಗಂಟಲು ಕಿರುಚುತ್ತಿತ್ತು, ಕಾಲು ಮಾತ್ರ ಈದ ಕುರಿಯ ಹಿಂದೆ ನಡೆದಂತೆ ನಡೆಯುತ್ತಿತ್ತು. ಕೆಂಚ ಕುಸಿದು, ಮತ್ತೆ ಎದ್ದು, ಇನ್ನೊಂದು ನಾಯಿಯನ್ನು ಕೊಂಬಿನಿಂದ ಎತ್ತಿ ಎಸೆಯಿತು. ಒಂದು ನಾಯಿ ಅದರ ಹೊಟ್ಟೆಯ ಕೆಳಗೆ ನುಗ್ಗಿತು. ಅಷ್ಟರಲ್ಲಿ ಬರಗೇರಮ್ಮ ಗೋಡೆ ಕುಸಿದ ಕಡೆ ತಲುಪಿ, ಕಲ್ಲಿಗೆ ಒರಗಿ, ಕೆಂಚನ ತೊಡೆಗೆ ಹಲ್ಲು ಕಚ್ಚಿದ್ದ ನಾಯಿಯ ಕತ್ತಿಗೆ ಮಚ್ಚು ಇಳಿಸಿದಳು. ಒಂದೇ ಏಟಿಗೆ ಅದು ಸತ್ತಿತು. ರಕ್ತ ಅವಳ ಮುಖಕ್ಕೆ ಹಾರಿತು. ಇನ್ನೊಂದರ ಬೆನ್ನಿಗೆ ಬೀಸಿದಳು. ಅಷ್ಟು ಹೊತ್ತಿಗೆ ಸುಮಾ ಕಲ್ಲು ತೂರುತ್ತಾ ಓಡಿ ಬಂದಳು. ಉಳಿದ ನಾಯಿಗಳು ಹಳ್ಳದ ಕಡೆ ಓಡಿದವು.

ಎರಡು ಮರಿ ಸತ್ತಿದ್ದವು. ಮಿಕ್ಕವು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಕೆಂಚ ಮುಂಗಾಲೂರಿ ಏಳಲು ನೋಡಿತು. ಹಿಂಭಾಗ ಮೇಲೇಳಲಿಲ್ಲ. ಅದರ ಚಪ್ಪೆ ಹೋಗಿತ್ತು, ಹೊಟ್ಟೆ ಹರಿದಿತ್ತು. ಸುಮಾ ಫೋನ್ ಮಾಡಿ ಬೀರೇಶನನ್ನು ಕರೆಸಿದಳು. ಅವನು ಗುಡ್ಡದಿಂದ ಓಡಿ ಬಂದು, ಕೆಂಚನ ಪಕ್ಕದಲ್ಲಿ ಕುಸಿದು ಕೂತ.

“ಡಾಕ್ಟ್ರನ್ನ ಕರಕಂಡ್ ಬರ್ತೀನವ್ವಾ.”

“ಕರುಳು ಮಣ್ಣು ಮುಟ್ಟೈತೆ ಕಣೋ. ಬರೋವರ್ಗೂ ಒದ್ದಾಡಲಿ ಅಂತೀಯಾ? ಎತ್ರಿ ಇದನ್ನ. ತೊಟ್ಟಿ ಕಟ್ಟೆ ಮ್ಯಾಲೆ ಮಲಗಿಸ್ರಿ. ನನಗೆ ಬಗ್ಗಾಕಾಗಲ್ಲ.”

ಗಂಡ ಹೆಂಡತಿ ಕಂಬಳಿಯಲ್ಲಿ ಹಾಕಿ ಹೊತ್ತು, ಕಲ್ಲುಕಟ್ಟೆಯ ಮೇಲೆ ಮಲಗಿಸಿದರು. ಬರಗೇರಮ್ಮ ಕೋಲೂರುತ್ತಾ ಹಿಂದೆ ಬಂದಳು. ಕುಡಿಯಲಿ ಎಂದು ಸುಮಾ ತೊಟ್ಟಿಯಿಂದ ಚೊಂಬಿನಲ್ಲಿ ನೀರು ತುಂಬಿ ಕೊಟ್ಟಳು. ಬರಗೇರಮ್ಮ ಬಾಯಿಗೆ ಹಿಡಿದಳು. ಕೆಂಚ ಕುಡಿಯಲಿಲ್ಲ. ನೀರು ತುಟಿಯಿಂದ ಜಾರಿ ಕತ್ತಿಗೆ, ಕಿವಿಗೆ, ಅರಿಶಿನದ ಬಟ್ಟೆಗೆ ಹರಿಯಿತು.

ಕೆಂಚ ಮೈ ಒದರಿತು.

ಸುಮಾ ಬಾಯಿಗೆ ಸೆರಗು ಹಿಡಿದಳು. ಬೀರೇಶ ಬೇವಿನ ಮರದ ಕಡೆ ನೋಡಿದ. ಬರಗೇರಮ್ಮನೂ ಅತ್ತಲೇ ತಿರುಗಿದಳು. ಅವಳ ದನಿ ಊರಿಗೆಲ್ಲ ಕೇಳಿಸುವಂತಿತ್ತು.

“ಈಗ ಬೇಕಾಯ್ತೇನೇ ನಿನಗೆ? ನಾನು ಒಲ್ಲೆ ಅಂದ ಮ್ಯಾಲೆ ಬೇಕಾಯ್ತೇನೇ?”

ಬೇವಿನ ಎಲೆಯೂ ಅಲುಗಲಿಲ್ಲ. “ಕೊಡವ್ವಾ, ನಾನು ಹೊಡೀತೀನಿ,” ಎಂದು ಬೀರೇಶ ಮಚ್ಚಿಗೆ ಕೈ ಚಾಚಿದ.

“ಹರಕೆ ನಂದು.”

ಅವಳು ಕೋಲನ್ನು ಸುಮಾಳ ಕೈಗೆ ಕೊಟ್ಟು, ಎಡ ಅಂಗೈಯನ್ನು ಕೆಂಚನ ಹಣೆಯ ಮೇಲಿಟ್ಟಳು. ಕೆಂಚನ ಕಣ್ಣು ಅರ್ಧ ಮುಚ್ಚಿತ್ತು. ಅಂಗೈ ತಾಗಿದ್ದೇ ಅದು ಎಲ್ಲಿತ್ತೋ ಅಷ್ಟು ಬಲವನ್ನೆಲ್ಲ ತಂದು ಹಣೆಯಿಂದ ಅವಳ ಕೈಯನ್ನು ಒತ್ತಿತು. ಆ ಗುದ್ದಿನಲ್ಲಿ ಈಗ ಎಳೆ ಮರಿಯಷ್ಟೂ ಬಲವಿರಲಿಲ್ಲ. ಬರಗೇರಮ್ಮ ಎರಡೂ ಕಾಲುಗಳ ಮೇಲೆ ಭಾರ ಬಿಟ್ಟು ನಿಂತಳು. ಹೊಸ ಕೀಲು ಅವಳನ್ನು ಹೊತ್ತು ನಿಂತಿತು. ಅಂಗೈಯನ್ನು ತೆಗೆಯದೆಯೇ ಹೊಡೆದಳು.

ಆ ಮಾಂಸವನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಬೇವಿನ ಬುಡದಲ್ಲೇ ಹೂಳಿದರು. ಹರಕೆ ತೀರಿತಲ್ಲ ಎಂದು ಊರಿನವರು ಬಂದು ಹೇಳಿ ಹೋದರು. ಹಾಗೆ ಹೇಳಿದವರಿಗೆ ಬರಗೇರಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅದನ್ನು ಕಂಡೇ ಅವರಿಗೆ ಹೆದರಿಕೆಯಾಯಿತು.

ಮುಂದಿನ ಸಲ ಬಂದ ಯಮುನಾ ಅವಳನ್ನು ಅಂಗಳದಲ್ಲಿ ನಡೆಸಿ ನೋಡಿದಳು. “ನಡಿಗೆ ಚೆನ್ನಾಗೈತೆ ಅಮ್ಮಾ. ಇನ್ನು ಬೇವಿನ ಮರ ದಾಟಿನೂ ಹೋಗಬೋದು. ಗುಡ್ಡದವರ್ಗೂ ಹೋಗಬೋದು.”

“ಹೋಗಬೋದು,” ಅಂದಳು ಬರಗೇರಮ್ಮ. ಕುರ್ಚಿಗೆ ಹಿಂದಿರುಗಿ ಕೂತಳು.

ಉಳಿದ ಮರಿಗಳನ್ನು ಸುಮಾ ಈಗ ಅವಳ ಕಣ್ಣಳತೆಯಲ್ಲೇ ಬಿಡುತ್ತಿದ್ದಳು. ಅವುಗಳಲ್ಲೊಂದು ಟಗರುಮರಿ ಕುರ್ಚಿಯ ಹತ್ತಿರ ಬಂದು ಅವಳ ಮೊಳಕಾಲು ಮೂಸಿತು. ಕೈಯೊಡ್ಡಲಿ ಎಂದು ಹಣೆ ತಗ್ಗಿಸಿ ಅವಳ ಬೆರಳಿಗೆ ಒತ್ತಿತು. ಬರಗೇರಮ್ಮ ಅಂಗೈ ಮುಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮರಿ ಬಿಡದೆ ಮತ್ತೆ ಬಂತು. ಅವಳು ಆ ಕೈಯನ್ನೇ ಮೆಲ್ಲಗೆ ಅದರ ಬೆನ್ನಿನ ಮೇಲಿಟ್ಟು ಸವರಿದಳು.